ಹೆಬ್ಬೆಟ್ಟಿನ ಹಟ

ನಮ್ಮ ಮಾವ ತೀರಿಹೋಗಿ ಬಹಳ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಗೊಡಲಿಲ್ಲ, ಸತ್ತ ಮೇಲೆ ಆಡಬಾರದು ಎಂದರೆ ನಾನು ಆಡುವುದಾದರೂ ಯಾವಾಗ? ಅದಕ್ಕೇ ಬರೆಯಲು ಕುಳಿತಿದ್ದೇನೆ.

ಎಪ್ಪತ್ತರ ದಶಕ ಶುರುವಾದಾಗ ನಾನು ಖಾನಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಮಕ್ಕಳು 'ಅಕ್ಕೋರು' ಎಂದು ಕರೆಯುತ್ತಿದ್ದರು. ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಸದ್ದಿನ ನಡುವೆ ಓದಿ, ಟ್ರೇನಿಂಗ್ ಮುಗಿಸಿ, ಆ ಕಾಡಂಚಿನ ಶಾಲೆಗೆ ಬಂದವಳು. ಎರಡು ಮೈಲಿ ಆಚೆಯ ಒಕ್ಕಲುತನದ ಮನೆಗೆ ಸೊಸೆಯಾದ ಮೇಲೂ ದಿನಾ ನಡೆದು ಬಂದು ಪಾಠ ಹೇಳುತ್ತಿದ್ದೆ. ನಾಲ್ಕು ತರಗತಿ, ಒಂದು ಕೋಣೆ, ಒಬ್ಬಳೇ ಅಕ್ಕೋರು, ಒಂದೇ ಕುರ್ಚಿ. ಆ ಕುರ್ಚಿಯ ಒಂದು ಕಾಲು ಗಿಡ್ಡ, ಕೆಳಗೆ ಹೆಂಚಿನ ಚೂರು ಇಟ್ಟಿದ್ದೆ.

ಭತ್ತದ ನಾಟಿಯ ದಿನಗಳಲ್ಲಿ ಒಮ್ಮೆ ಮಾವ ಕಂಬಳಿ ಕೊಪ್ಪೆ ಹೊದ್ದು, ಇಬ್ಬರು ಆಳುಗಳನ್ನು ಹಿಂದಿಟ್ಟುಕೊಂಡು ಶಾಲೆಯ ಬಾಗಿಲಿಗೆ ಬಂದರು.

"ಸಾಲಿ ಬಿಟ್ಟ ಬಾ. ಗದ್ದ್ಯಾಗ ಮಂದಿ ಕಡಿಮಿ ಬಿದ್ದಾರ."

ನಾನು ಹಾಜರಿ ಕರೆಯುತ್ತಿದ್ದೆ. ಮೂರನೆಯ ತರಗತಿಯ ಅರ್ಧಕ್ಕೆ ಬಂದಿದ್ದೆ. ಕುಳಿತಲ್ಲಿಂದಲೇ, "ಹಾಜರಿ ಮುಗೀಲಿ, ಜರಾ ನಿಂದರ್ರಿ ಮಾವಾರ" ಎಂದೆ. ಅಹಂಕಾರದಿಂದ ಅಂದದ್ದಲ್ಲ. ಮಕ್ಕಳಿಗೆ ದಿನಕ್ಕೆ ಹತ್ತು ಸಲ ಅನ್ನುವ ಮಾತು, ಬಾಯಿಗೆ ಬಂದುಬಿಟ್ಟಿತು. ಮಾವ ಮಳೆಯಲ್ಲಿ ನಿಂತರು, ಆಳುಗಳು ನೋಡಿದರು. ಹಾಜರಿ ಮುಗಿಸಿ ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಅಂದು ಸಂಜೆ ಮನೆಯಲ್ಲಿ ನನ್ನ ಮುಂದೆ ಬಿಳಿ ಕಾಗದ ಬಂತು. "ಸೊಸಿ ಕುರ್ಚಿ ಮ್ಯಾಲ, ಮಾವ ಬಾಗಲ್ದಾಗ! ನೌಕರಿ ಬಿಟ್ಟೇನಿ ಅಂತ ಬರಿ. ಇಲ್ಲಂದ್ರ ನಿನ್ನ ತವರಮನಿ ಹಾದಿ ಹಿಡಿ, ಹೊಳ್ಳಿ ಬರಬ್ಯಾಡ." ನನಗಾಗ ಮೂರು ತಿಂಗಳು. ತವರಿನಲ್ಲಿ ಮದುವೆಗೆ ನಿಂತ ತಂಗಿಯರು ಇಬ್ಬರು. ನಮ್ಮ ಮನೆಯವರು ಗೋಡೆ ನೋಡುತ್ತ ಕುಳಿತಿದ್ದರು; ಜೀವಮಾನವಿಡೀ ಅವರು ನೋಡಿದ್ದು ಅದನ್ನೇ. ನನ್ನ ರಾಜೀನಾಮೆಯನ್ನು ನಾನೇ ಬರೆಯಬೇಕಾಯಿತು, ಏಕೆಂದರೆ ಆ ಮನೆಯಲ್ಲಿ ಇನ್ನಾರಿಗೂ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಮಾವನಿಗೆ ಸಹಿಯೊಂದು ಬರುತ್ತಿತ್ತು, ನಮ್ಮ ಮನೆಯವರು ಅಕ್ಷರಕ್ಕೊಮ್ಮೆ ತಡೆದು ಓದುತ್ತಿದ್ದರು, ಅಷ್ಟೇ. ಮುತ್ತಿನಂಥ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಇದೇ ನನ್ನ ಕೊನೆಯ ಸಹಿ, ಈ ಮನೆಗಾಗಿ ಇನ್ನೊಂದಕ್ಷರ ಓದಿದರೆ ನಾನು ನನ್ನಪ್ಪನ ಮಗಳಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ.

'ಕೈ ಕೆಸರಾದರೆ ಬಾಯಿ ಮೊಸರು' ಎಂದು ಮಕ್ಕಳಿಂದ ಕಾಪಿ ಬರೆಸುತ್ತಿದ್ದವಳು ನಾನು. ಗದ್ದೆಗೆ ಇಳಿದ ಮೇಲೆ ತಿಳಿಯಿತು, ಕೆಸರು ನನ್ನದು, ಮೊಸರು ಮಾವನದು. ಇರಲಿ ಎಂದುಕೊಂಡೆ. ಬೀಗರಿಂದ ಪತ್ರ ಬಂದರೆ ಮಾವ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಸೆಗಣಿ ಕೈ ತೋರಿಸಿ, "ನಮಗೇನ ತಿಳಿತೈತ್ರೀ, ನಾವು ಹೊಲದ ಮಂದಿ" ಎನ್ನುತ್ತಿದ್ದೆ. ಅವರು ಪತ್ರ ಓದಿಸಲು ಸಂತೆಯ ದಿನ ನಂದಗಡದವರೆಗೆ ಹೋಗಬೇಕಿತ್ತು. ಅಲ್ಲಿ ಓದಿದವನು ಮನೆಯ ಗುಟ್ಟನ್ನು ಇಡೀ ಸಂತೆಗೆ ಹಂಚುತ್ತಿದ್ದ. ಅದನ್ನು ಕೇಳಿದ ದಿನ ನಾನು ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದೆ.

ಭೂಮಿತಿ ಕಾಯ್ದೆಯ ಸುದ್ದಿ ಹಬ್ಬಿದಾಗ, ಹೆಚ್ಚಿನ ಹೊಲ ಸರಕಾರಕ್ಕೆ ಹೋದೀತೆಂದು ಹೆದರಿ ಮಾವ ನಾಲ್ಕೆಕರೆ ಗದ್ದೆಯನ್ನು ನನ್ನ ಹೆಸರಿಗೆ ಹಚ್ಚಿದರು. ಖಾನಾಪುರದ ಕಚೇರಿಯಲ್ಲಿ ಗುಮಾಸ್ತನ ಮುಂದೆ ಎದೆಯುಬ್ಬಿಸಿ, "ನಮ್ಮ ಸೊಸಿ ಸಾಲಿ ಕಲಿಸಿದಾಕಿರೀ, ಸಹಿ ನೋಡ್ರಿ ಹೆಂಗ ಮಾಡ್ತಾಳ" ಎಂದರು. ನಾನು ಪೆನ್ನು ಬದಿಗೆ ಸರಿಸಿ ಹೆಬ್ಬೆಟ್ಟು ಮುಂದೆ ಮಾಡಿದೆ. ಮಾವನ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನ ಹೊಟ್ಟೆ ತಣ್ಣಗಾಗಿತ್ತು.

ಹೀಗೆ ವರ್ಷಗಳು ಹೋದವು. ಅಂದು ಹೊಟ್ಟೆಯಲ್ಲಿದ್ದ ಮಗಳನ್ನು ಎಂಟನೆಯ ತರಗತಿಗೆ ವಡಗಾವಿಯ ನನ್ನ ಅಣ್ಣನ ಮನೆಯಲ್ಲಿಟ್ಟು ಬೆಳಗಾವಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿಸಿದೆ. ಅಣ್ಣ ಬಂದು ಕೈಮುಗಿದು ಕೇಳಿದ್ದಕ್ಕೆ ಮಾವ ಒಪ್ಪಿದ್ದರು. ಪಾಲಕರ ಜಾಗದಲ್ಲಿ ನನ್ನ ಹೆಸರು ಬರೆಸಿ, ಅಲ್ಲಿಯೂ ಹೆಬ್ಬೆಟ್ಟು ಒತ್ತಿದೆ. ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು. ಮಗಳು ತಲೆ ತಗ್ಗಿಸಿದಳು. ಅಲ್ಲಾದರೂ ನಾನು ಸಹಿ ಮಾಡಬೇಕಿತ್ತು. ಮಾಡಲಿಲ್ಲ.

ಅವಳು ಹತ್ತನೆಯ ತರಗತಿಗೆ ಹೋದ ವರ್ಷ, ನಾಟಿಯ ಹೊತ್ತಿನಲ್ಲೇ, ಮಾವ ಗದ್ದೆಯ ಬದುವಿಗೆ ಬಂದರು. ಒಂದು ಕೈಯಲ್ಲಿ ಶಾಯಿಯ ಡಬ್ಬಿ, ಇನ್ನೊಂದರಲ್ಲಿ ನಾಲ್ಕು ಕಾಗದ.

"ಸೊಸೈಟಿ ಗೊಬ್ಬರದ ಕಾಗದ. ಒತ್ತ."

ಅವನ್ನು ನೋಡಲೂ ಇಲ್ಲ. ನೋಡದಿರುವುದೂ ನನ್ನ ಹಟದ ಭಾಗವೇ ಆಗಿತ್ತು. ಕೆಸರನ್ನು ಸೆರಗಿಗೆ ಒರೆಸಿಕೊಂಡು ನಾಲ್ಕಕ್ಕೂ ಒತ್ತಿ ಮತ್ತೆ ಸಸಿಗೆ ಬಾಗಿದೆ. ಎಂಟು ದಿನಕ್ಕೆ ಮಗಳು ಟ್ರಂಕಿನೊಂದಿಗೆ ಬಸ್ಸಿನಿಂದ ಇಳಿದಳು, ಹಿಂದೆ ಅವಳ ಅಜ್ಜ. ನಾಲ್ಕನೆಯ ಕಾಗದ ಗೊಬ್ಬರದ್ದಾಗಿರಲಿಲ್ಲ. ಮಗಳನ್ನು ಶಾಲೆ ಬಿಡಿಸುತ್ತೇನೆ, ದಾಖಲೆ ಕೊಡಿ ಎಂದು ನಾನೇ ಕೇಳಿಕೊಂಡ ಅರ್ಜಿ ಅದು.

"ಈ ಮನ್ಯಾಗ ಒಬ್ಬಾಕಿ ಅಕ್ಕೋರ ಆಗಿದ್ದ ಸಾಕು" ಎಂದರು ಮಾವ. "ನಂದಗಡದಾಗ ವರ ನೋಡೇನಿ."

"ನಾ ಒಪ್ಪಾಂಗಿಲ್ರಿ."

"ಒತ್ತಿದಾಕಿ ನೀನ ಅಲ್ಲೇನ?"

ನಾನು ಬಾಯಿಗೆ ಬಂದಂತೆ ಶಾಪ ಹಾಕಿದೆ. ಮಗಳು ಅತ್ತಿರಲಿಲ್ಲ. ಟ್ರಂಕಿನ ಮೇಲೆ ಕುಳಿತು ನನ್ನನ್ನೇ ನೋಡುತ್ತ ಹೇಳಿದಳು: "ಅಜ್ಜ ಮೋಸ ಮಾಡಿದಾ, ಖರೇ. ಹೆಬ್ಬಟ್ಟ ಯಾರದಬೇ?"

ನೆರೆಮನೆಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡವಳ ಗಾದೆ ನನಗೆ ಗೊತ್ತಿತ್ತು. ನಾನು ಕೊಯ್ದದ್ದು ಮಗಳ ಮೂಗು.

ಮರುದಿನ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬೆಳಗಾವಿಗೆ ಹೋದೆ. ಹೈಸ್ಕೂಲಿನ ಹೆಡ್‌ಬಾಯಿಯವರು ಅರ್ಜಿ ತೆಗೆದು ತೋರಿಸಿ, "ಇದು ನಿಮ್ಮ ಹೆಬ್ಬಟ್ಟ ಹೌದಲ್ರಿ?" ಎಂದರು. ನಾನು ಒಂದು ಹಾಳೆ, ಒಂದು ಪೆನ್ನು ಕೇಳಿದೆ. ಹದಿನೈದು ವರ್ಷದ ಮೇಲೆ ಹಿಡಿದ ಪೆನ್ನು. ಮೊದಲೆರಡು ಸಾಲು ಸೊಟ್ಟಗೆ ಹೋದವು, ಮೂರನೆಯದಕ್ಕೆ ಕೈಗೆ ನೆನಪು ಬಂತು. ನಡೆದದ್ದನ್ನೆಲ್ಲ ಬರೆದು ಪೂರ್ತಿ ಹೆಸರಿನ ಸಹಿ ಹಾಕಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇಷ್ಟ ಛಂದ ಬರಿಯಾಕಿ ಹೆಬ್ಬಟ್ಟ ಯಾಕ ಒತ್ತಿದ್ರಿ? ಅಕಿ ಜಾಗಾ ತುಂಬೇತ್ರಿ. ಬರೂ ಜೂನಕ್ಕ ಕರಕೊಂಡ ಬರ್ರಿ, ನಾ ತಗೋತೀನಿ."

ಮಗಳ ಒಂದು ವರ್ಷ ಹಾಳಾಯಿತು. ಅಂದೇ ಅಂಚೆಕಚೇರಿಯಲ್ಲಿ ನಿಂತು ನಂದಗಡದ ವರನ ಮನೆಗೆ ಕಾರ್ಡು ಬರೆದೆ. ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ, ತಾಯಿಯ ಒಪ್ಪಿಗೆಯಿಲ್ಲ, ಮುಂದುವರಿದರೆ ಕೋರ್ಟಿನ ಮೆಟ್ಟಿಲು ಹತ್ತುತ್ತೇನೆ ಎಂದು. ಕಾರ್ಡನ್ನು ಪೋಸ್ಟ್‌ಮನ್ನನಿಂದ ಹಿಡಿದು ಎಲ್ಲರೂ ಓದಲಿ ಎಂದೇ ಲಕೋಟೆ ಕೊಳ್ಳಲಿಲ್ಲ. ಆ ಮಾತು ಅಲ್ಲಿಗೇ ಮುರಿಯಿತು.

ಮಾವ ಕೆಂಡವಾದರು. ಆದರೆ ಅವರಿಗೆ ನನ್ನ ಕೈ ಇನ್ನೂ ಬೇಕಿತ್ತು. ನನ್ನ ಹೆಸರಿನ ನಾಲ್ಕೆಕರೆಯನ್ನು ತಿರುಗಿ ತಮ್ಮ ಹೆಸರಿಗೆ ಮಾಡಿಕೊಳ್ಳಬೇಕೆಂದು ಸುಗ್ಗಿ ಮುಗಿದ ಮೇಲೆ ಖಾನಾಪುರದ ನೋಂದಣಿ ಕಚೇರಿಗೆ ಕರೆದೊಯ್ದರು. ಶಾಯಿಯ ಡಬ್ಬಿ ಅವರ ಕಿಸೆಯಲ್ಲೇ ಇತ್ತು. ಗುಮಾಸ್ತ, "ಗದ್ದಿ ಬರಕೊಡೂ ಬಾಯಾರು ಕುಂದರ್ರಿ" ಎಂದು ಇದ್ದ ಒಂದೇ ಕುರ್ಚಿಯನ್ನು ನನ್ನತ್ತ ದೂಡಿದ. ಕುಳಿತೆ. ಎಪ್ಪತ್ತು ದಾಟಿದ ಮಾವ ಕೋಲೂರಿ ನಿಂತರು.

"ಓದಿ ನೋಡತೀನ್ರಿ" ಎಂದೆ. ಪೂರ್ವಕ್ಕೆ ಯಾರ ಬದು, ಪಶ್ಚಿಮಕ್ಕೆ ಯಾವ ಹಳ್ಳ, ಒಂದೊಂದೇ ಅಕ್ಷರವನ್ನು ಒಂದನೆಯ ತರಗತಿಗೆ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಕಚೇರಿಯ ಜನ ತಿರುಗಿ ನೋಡತೊಡಗಿದರು. ಮಾವ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಲಗೂನ ಒತ್ತಬೇ, ನಿಂತ ನಿಂತ ಸಾಕಾತು."

"ಹಾಜರಿ ಮುಗೀಲಿ, ಜರಾ ನಿಂದರ್ರಿ ಮಾವಾರ."

ಅವರಿಗೆ ಅರ್ಥವಾಯಿತು. ಕಣ್ಣಲ್ಲಿ ಕಂಡಿತು. ನಾನು ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ, ಅವಸರವಿಲ್ಲದೆ. ಆಮೇಲೆ ಮಡಚಿ ಅವರ ಕೈಗಿಟ್ಟು, "ನಾ ಸಹಿ ಮಾಡಾಂಗಿಲ್ರಿ" ಎಂದು ಎದ್ದುಬಂದೆ. ಆ ಗದ್ದೆ ನನ್ನದಾಗಿಯೇ ಉಳಿಯಿತು. ಅದರ ಭತ್ತದಿಂದಲೇ ಮಗಳು ಮತ್ತೆ ಹೈಸ್ಕೂಲಿಗೆ ಹೋದಳು. ಮಾವ ಇದ್ದಷ್ಟು ದಿನ ಅದೇ ಅಕ್ಕಿಯ ಅನ್ನ ಬಡಿಸಿದೆ. "ನನ್ನ ಗದ್ದಿ ಅಕ್ಕಿರೀ, ಇನ್ನಷ್ಟ ಹಾಕಲಿ?" ಎಂದು ದಿನಾ ಕೇಳಿಯೇ ಬಡಿಸಿದೆ. ಪಾಪ ಬರುವುದಾದರೆ ಬರಲಿ.

ಮಗಳು ಹತ್ತನೆಯದು ಪಾಸಾಗಿ ಬೆಳಗಾವಿಯಲ್ಲೇ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ತಂದಳು. ಅಣ್ಣನ ಮನೆಯ ಪಡಸಾಲೆಯಲ್ಲಿ ನನ್ನ ಮುಂದಿಟ್ಟು ಪಾಲಕರ ಜಾಗ ತೋರಿಸಿದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ಪೆನ್ನಿನ ಟೊಪ್ಪಿ ತೆಗೆದು ಸಹಿಗೆ ಬಾಗಿದೆ. ಅವಳು ಆ ಜಾಗದ ಮೇಲೆ ಅಂಗೈ ಇಟ್ಟಳು.

"ಮೊದಲ ಓದಬೇ. ಆಮ್ಯಾಲ ಸಹಿ ಮಾಡು."

ಮೇಲಿನಿಂದ ಕೆಳಗಿನವರೆಗೆ ಓದಿದೆ. ಓದಿ ಮುಗಿಯುವ ತನಕ ಅವಳು ಕೈ ತೆಗೆಯಲಿಲ್ಲ.