ಪಿಯಾನೊ ಪರೀಕ್ಷೆಗೆ ಹತ್ತು ಉಗುರು

ಮರ್ಫಿ ಟೌನ್‌ನ ನಮ್ಮ ಬಾಡಿಗೆ ಕೋಣೆಯಲ್ಲಿ ಪಿಯಾನೊ ಇಡಲು ಜಾಗವಿಲ್ಲ. ಮಂಚದ ಮೇಲೆ ಹಳೆಯ ಕೀಬೋರ್ಡ್ ಇಟ್ಟು, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ವಯಸ್ಸು ನಲವತ್ತಮೂರು, ಪರೀಕ್ಷೆ ಒಂದನೇ ಗ್ರೇಡ್. ಎಸ್ಸೆಸ್ಸೆಲ್ಸಿಯನ್ನು ಮೂವತ್ತು ದಾಟಿದ ಮೇಲೆ ಮೂರು ಸಲ ಕಟ್ಟಿ ಪಾಸಾದವನು ನಾನು. ಇದೊಂದನ್ನಾದರೂ ಮೊದಲ ಸಲಕ್ಕೇ ಪಾಸಾಗಬೇಕೆಂಬ ಹಟವಿತ್ತು.

ಪರೀಕ್ಷೆ ಶನಿವಾರ. ಗುರುವಾರ ಸಂಜೆ ಹಲಸೂರಿನಲ್ಲಿ, ಪಿಯಾನೊ ಕಲಿಸುವ ನಮ್ಮ ಮಿಸ್ ಮನೆಯಲ್ಲಿ ಕೊನೆಯ ಪಾಠ. ಅವರ ನಿಜವಾದ ಪಿಯಾನೊ ಮೇಲೆ ನುಡಿಸಿದರೆ, ಪ್ರತಿ ಸ್ವರದ ಜೊತೆಗೂ ಟಕ್ ಎಂದು ಇನ್ನೊಂದು ಸದ್ದು. ಎಪ್ಪತ್ತರ ಮಿಸ್ ನನ್ನ ಬೆರಳು ಹಿಡಿದು ನೋಡಿ, ಉಗುರು ಕತ್ತರಿಸದೆ ಬರಬೇಡ ಎಂದರು. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡವನಿಗೆ ಆ ಸದ್ದು ಕೇಳಿಸಿರಲೇ ಇಲ್ಲ.

ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಹೆಂಡತಿಗೆ ನೇಲ್ ಕಟರ್ ಕೇಳಿದೆ.

“ದೀಪ ಹಚ್ಚಿದ ಮ್ಯಾಗ ಉಗುರು ತೆಗೀತಾರೇನ್ರಿ?”

“ಹಂಗಾರ ನಾಳಿ ಮುಂಜಾನಿ ತೆಗೀತೀನಿ.”

“ನಾಳಿ ಶುಕ್ರವಾರ. ನಾಡಿದ್ದು ಶನಿವಾರ. ಐತವಾರ ಆರಾಮ ಕುಂತು ತೆಕ್ಕೋರಿ.”

ನಾನೂ ಅವಳಂತೆ ಯಾದಗಿರಿ ಕಡೆಯವನೇ. ಅವಳ ಕಣ್ಣು ತಪ್ಪಿಸಿ ಕತ್ತರಿಸಲು ನನಗೇ ಧೈರ್ಯ ಬರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಲಕ್ಷ್ಮಿಯನ್ನು ಎದುರು ಹಾಕಿಕೊಂಡು ಯಾರಾದರೂ ಪಾಸಾಗಿದ್ದಾರೆಯೇ? ಶುಕ್ರವಾರವೆಲ್ಲ ಇಯರ್‌ಫೋನ್ ಕಿತ್ತಿಟ್ಟು, ಬೆರಳನ್ನು ಚಪ್ಪಟೆಯಾಗಿ ಇಟ್ಟು ನುಡಿಸಿ ನೋಡಿದೆ. ಸದ್ದು ಹೋಯಿತು, ಜೊತೆಗೆ ರಾಗವೂ ಹೋಯಿತು.

ಶನಿವಾರ ಕಂಟೋನ್ಮೆಂಟಿನ ಪರೀಕ್ಷಾ ಹಾಲ್‌ಗೆ ಮಿಸ್ ನನಗಿಂತ ಮೊದಲೇ ಬಂದಿದ್ದರು. ಮೊದಲು ನೋಡಿದ್ದು ನನ್ನ ಕೈ. ಕಾರಣ ಹೇಳಿದೆ. ಅವರು ಚರ್ಚಿಗೆ ಹೋಗುವವರು, ಅವರಲ್ಲಿ ಈ ವಾರದ ಲೆಕ್ಕವಿಲ್ಲ. ಆದರೂ ನಗಲಿಲ್ಲ. ಸ್ವಲ್ಪ ಯೋಚಿಸಿ, ಬ್ಯಾಗಿನಿಂದ ಉಗುರು ಉಜ್ಜುವ ಅರ ತೆಗೆದರು.

“ಕತ್ತರ್ಸ್ಬಾರ್ದು ಅಂದಿದಾರೆ, ಸರಿ. ಉಜ್ಜಬಾರ್ದು ಅಂತ ಯಾರಾದ್ರೂ ಅಂದಿದಾರಾಪ್ಪಾ?”

ಯಾರೂ ಅಂದಿರಲಿಲ್ಲ.

ಬೆಂಚಿನ ತುಂಬ ಪಾಲಿಶ್ ಮಾಡಿದ ಶೂ ತೊಟ್ಟ ಏಳೆಂಟು ವರ್ಷದ ಮಕ್ಕಳು. ನಡುವೆ ಮೀಸೆ ಹೊತ್ತ ನಾನು, ಕೈ ಚಾಚಿಕೊಂಡು. ಮಿಸ್ ಎರಡೂ ಹೆಬ್ಬೆರಳಿನಿಂದ ಶುರು ಮಾಡಿ ಜೋಡಿ ಜೋಡಿಯಾಗಿ ಸವೆಸುತ್ತಿದ್ದರು. ಒಬ್ಬ ಹುಡುಗಿ ಅಮ್ಮನ ಕಿವಿಯಲ್ಲಿ ಏನೋ ಕೇಳಿದಳು. ಅಮ್ಮ ಅವಳ ಮುಖವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದರು. ಎಂಟು ಬೆರಳು ಮುಗಿಯುವಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ಎರಡು ಕಿರುಬೆರಳು ಹಾಗೇ ಉಳಿದವು.

ಮೊದಲು ಸ್ಕೇಲ್, ಅಂದರೆ ಸ್ವರಗಳ ಏರಿಳಿತ. ಬಲಗೈಯದು ಮೆಟ್ಟಿಲು ಹತ್ತಿದಂತೆ ಉಗುರಿನ ಸದ್ದಿಲ್ಲದೆ ಹತ್ತಿ, ತುದಿಯಲ್ಲಿ ಕಿರುಬೆರಳು ಬಂದಾಗ ಟಕ್ ಎಂದಿತು. ಎಡಗೈಯದು ಕಿರುಬೆರಳಿನಿಂದಲೇ ಶುರು, ಟಕ್ ಎಂದೇ ಹೊರಟು ಟಕ್ ಎಂದೇ ನಿಂತಿತು. ಪರೀಕ್ಷಕರು ತಲೆ ಎತ್ತಿ ನೋಡಿ ಪೆನ್ಸಿಲ್‌ನಲ್ಲಿ ಏನೋ ಬರೆದುಕೊಂಡರು. ಮುಂದೆ ನುಡಿಸಿದ ತುಣುಕುಗಳಲ್ಲಿ ಪುಣ್ಯಕ್ಕೆ ಕಿರುಬೆರಳಿಗೆ ಕೆಲಸ ಕಡಿಮೆ.

ಕೆಲವು ವಾರಗಳಾದ ಮೇಲೆ ಫಲಿತಾಂಶ ಬಂತು. ಪಾಸ್, ಮೊದಲ ಸಲಕ್ಕೇ. ಹೆಂಡತಿ ಮೊಬೈಲ್ ಕೈಗೆ ತೆಗೆದುಕೊಂಡು ಎರಡು ಸಲ ನೋಡಿದಳು.

“ಅವತ್ತು ಕತ್ತರಿಸಿದ್ರ ಎಲ್ಲಿ ಪಾಸಾಗ್ತಿದ್ರಿ?” ಎಂದಳು.

ಮಿಸ್‌ಗೆ ಫೋನ್ ಮಾಡಿದೆ. ಎಲ್ಲ ಆ ಅರದ ಮಹಿಮೆ ಎಂದರು ಅವರು. ನಾನು ಇಬ್ಬರಿಗೂ ಹೌದು ಎಂದೆ. ನಾನೂ ಸ್ವಲ್ಪ ಅಭ್ಯಾಸ ಮಾಡಿದ್ದೆ ಎಂದು ಹೇಳಲು ಸಂದರ್ಭವೇ ಸಿಗಲಿಲ್ಲ.