ಗೋಡೆಯ ಕಡೆಗೆ ಮಡಚಿದ ಎಲೆ

೧೯೮೮ರ ಮಾರ್ಚ್ ಒಂಬತ್ತು, ಬೆಳಿಗ್ಗೆ ಹತ್ತು ಇಪ್ಪತ್ತು. ವಿಶಾಖಪಟ್ಟಣದ ದ್ವಾರಕಾ ನಗರದ ಮನೆಯಲ್ಲಿ ಹೈಮಾವತಿ ತನ್ನ ಮದುವೆಯ ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆಯುತ್ತಿದ್ದಳು. ಗಂಡ ಸೂರ್ಯಪ್ರಕಾಶ ಮೊದಲು ವಿಜಯವಾಡದ ಆಟೋನಗರದಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವನು, ಈಗ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿದ್ದ. ರಜೆಯಲ್ಲಿ ಬಂದು ಮದುವೆಯಾಗಿ ಮೂರು ವಾರಕ್ಕೆ ಮರಳಿದ್ದ. ಇಷ್ಟು ಕಡಿಮೆ ದಿನಗಳ ಸಂಸಾರ ನಿಜವೆಂದು ನಂಬಿಸದೆ ಅವಳಿಗೆ ವೀಸಾ ಇಲ್ಲ. ಅಲ್ಲಿ ಅವನನ್ನು ಕೇಳಿದ್ದನ್ನೇ ಮುಂದಿನ ವಾರ ಮದರಾಸಿನ ಬ್ರಿಟಿಷ್ ವೀಸಾ ಕಚೇರಿಯಲ್ಲಿ ಅವಳನ್ನೂ ಕೇಳುತ್ತಾರೆ. ಇಬ್ಬರ ಉತ್ತರವೂ ತಾಳೆಯಾಗಬೇಕು.

ಊಟದ ಪಂಕ್ತಿಯ ಫೋಟೋ ಬಂದಾಗ ಅವಳ ಕೈ ನಿಂತಿತು.

ಅಪ್ಪ ನರಸಿಂಹಮೂರ್ತಿ, ತುಮಕೂರಿನಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ, ಬಗ್ಗಿ ನೋಡಿದರು. “ಎಷ್ಟು ಜನ ಉಂಡರು ಅಂದ್ರೆ ಹತ್ತು ಅನ್ನು. ಎಣಿಸಿದೀನಿ.”

“ಈ ಕೊನೇ ಎಲೆ, ಅಪ್ಪ?”

“ಸತ್ತವರ ಖಾತೆ ನಾವು ಮುಚ್ತೀವಿ ಕಣೇ. ನೀನು ಸಾಹೇಬರ ಮುಂದೆ ಹೋಗಿ ತೆರೀಬೇಡ.”

ಆ ಎಲೆ ಸೂರ್ಯಪ್ರಕಾಶನ ತೀರಿಹೋದ ಮೊದಲ ಹೆಂಡತಿ ಕನಕಲಕ್ಷ್ಮಿಯದು. ಎರಡನೆಯವಳು ಮನೆ ತುಂಬುವ ದಿನ ಮೊದಲನೆಯವಳಿಗೂ ಎಲೆ ಹಾಕಿ ಬಡಿಸುವುದು ವಿಜಯವಾಡದ ಆ ಮನೆಯ ಪದ್ಧತಿ. ಫೋಟೋದಲ್ಲಿ ಅನ್ನ ಬಡಿಸಿದಂತೆಯೇ ಇತ್ತು. ಎಲೆಯ ಹಿಂದೆ ಬರೀ ಗೋಡೆ.

ಫೋಟೋ ತೆಗೆದ ಮೇಲೆ ಆದದ್ದನ್ನು ಹೈಮಾವತಿ ಯಾರಿಗೂ ಹೇಳಿರಲಿಲ್ಲ. ಮಜ್ಜಿಗೆ ಬರುವ ಹೊತ್ತಿಗೆ ಆ ಅನ್ನದ ನಡುವೆ ಗುಳಿಯಾಗಿ, ಸಾರು ಕಲೆಸಿತ್ತು. ಪಂಕ್ತಿ ಏಳುವಾಗ ಎಲೆ ಮಡಚಿತ್ತು, ಗೋಡೆಯ ಕಡೆಗೆ. ಅಲ್ಲಿ ಕೂತವರು ತಮ್ಮತ್ತ ಮಡಚಿಕೊಂಡ ಹಾಗೆ. ಅತ್ತೆ ಲಕ್ಷ್ಮೀಕಾಂತಮ್ಮ, “ಕೈ ತೊಳೆದುಕೋ ಅಮ್ಮಾಯಿ, ಹಾಗೆ ನಿಂತು ನೋಡಬಾರದು,” ಎಂದಷ್ಟೇ ಹೇಳಿದ್ದರು. ಪಕ್ಕದಲ್ಲಿದ್ದ ಗಂಡ ತಲೆ ಎತ್ತಿರಲಿಲ್ಲ.

ಮುಂದಿನ ವಾರ ಮದರಾಸಿನ ವೀಸಾ ಅಧಿಕಾರಿ ಅದೇ ಫೋಟೋ ಮುಂದಿಟ್ಟ. ದುಭಾಷಿ ತೆಲುಗಿನಲ್ಲಿ ಕೇಳಿದಳು: “ಈ ಪಂಕ್ತಿಯಲ್ಲಿ ಎಷ್ಟು ಜನ ಉಂಡರು?”

ಹೈಮಾವತಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೇ ಬರೆದು ರೂಢಿ. ಅಪ್ಪ ಹೇಳಿಕೊಟ್ಟ ಲೆಕ್ಕ ನಾಲಿಗೆಯ ತುದಿವರೆಗೆ ಬಂದು ನಿಂತಿತು. ಕಂಡದ್ದನ್ನು ಹೇಳಿದಳು.

ಅಧಿಕಾರಿ ಫೋಟೋದ ತಲೆಗಳನ್ನು ಎಣಿಸಿದ. ಗಂಡನ ಉತ್ತರದ ಹಾಳೆ ನೋಡಿದ. ಮತ್ತೆ ಎಣಿಸಿದ.

“ಇದರಲ್ಲಿ ಒಬ್ಬರು ಕಡಿಮೆ ಇದ್ದಾರೆ. ನಿಮ್ಮ ಗಂಡನೂ ನೀವು ಹೇಳಿದಷ್ಟೇ ಹೇಳಿದ್ದಾರೆ. ಮಾತಾಡಿಕೊಂಡಿದ್ದಿರಾ?”

“ಇಲ್ಲ.”

ಗಂಡನೂ ಅದನ್ನು ಕಂಡಿದ್ದನೆಂದು ಅವಳಿಗೆ ತಿಳಿದದ್ದೇ ಆಗ. ಅವನು ಹೋದಂದಿನಿಂದ ಮೊದಲ ಸಲ, ಪಕ್ಕದಲ್ಲೇ ಇದ್ದಾನೆ ಅನ್ನಿಸಿತು.

“ಆ ಒಬ್ಬರು ಎಲ್ಲಿ ಕೂತಿದ್ದರು?”

ಅವಳು ಫೋಟೋದ ಗೋಡೆಯ ಮೇಲೆ ಬೆರಳಿಟ್ಟಳು. ಅಧಿಕಾರಿ ಗಂಡನ ಹಾಳೆಯ ಕೊನೆಯ ಸಾಲು ನೋಡಿದ; ಅಲ್ಲೂ ಗೋಡೆ ಎಂದೇ ಇತ್ತು. ಫೈಲು ಮುಚ್ಚಿದ.

ವೀಸಾ ಬಂತು. ಹೊರಡುವ ಮುನ್ನ ವಿಜಯವಾಡಕ್ಕೆ ಹೋದಾಗ ಅತ್ತೆ ಕುಂಕುಮ ಇಡುತ್ತ, ದನಿ ತಗ್ಗಿಸಿ ಕೇಳಿದರು: “ಎಷ್ಟು ಜನ ಅಂದೆ ಅವರಿಗೆ?”

“ಹನ್ನೊಂದು.”