ಎಲ್ಲರಿಗಿಂತ ತಡವಾಗಿ ಬರುತ್ತಿದ್ದ ದನಿ

ನಮ್ಮ ಚರ್ಚಿನ ಭಾನುವಾರದ ಆರಾಧನೆಯಲ್ಲಿ ಪಾದ್ರಿ ಅಯ್ಯನವರು ಒಂದೊಂದು ಪ್ರಾರ್ಥನೆ ಮುಗಿಸಿದಾಗಲೂ ಸಭೆಯವರೆಲ್ಲ 'ಕರ್ತನೇ, ಕರುಣಿಸು' ಅನ್ನಬೇಕು. ನಾವೆಲ್ಲ ಹೊರಟ ಬಸ್ಸು ಹಿಡಿಯುವವರ ಹಾಗೆ ಅಂದು ಮುಗಿಸುತ್ತಿದ್ದೆವು. ಆಮೇಲೆ ಅರ್ಧ ಉಸಿರು ಬಿಟ್ಟು ಕೊನೆಯ ಬೆಂಚಿನಿಂದ ಒಂದೇ ಒಂದು ಗೊಗ್ಗರು ದನಿ ಬರುತ್ತಿತ್ತು: 'ಕರ್ತನೇ, ಕರುಣಿಸು.' ಮಕ್ಕಳು ಕಿಸಕ್ಕೆನ್ನುತ್ತಿದ್ದವು. ಹೊಸದಾಗಿ ಬಂದ ಅಯ್ಯನವರು ಒಂದೆರಡು ವಾರ ಎಡವಿ, ಆಮೇಲೆ ಆ ದನಿಗೆ ಕಾಯುವುದನ್ನು ಕಲಿತರು.

ದನಿ ಸಮುವೇಲಪ್ಪನವರದು. ಬೆಟಗೇರಿ ಕಡೆಯವರು. ಪೀಣ್ಯದ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಅವರು ಉಕ್ಕಿನ ಶಾಫ್ಟುಗಳನ್ನು ತಿಕ್ಕುವ ಗ್ರೈಂಡಿಂಗ್ ಮಷಿನ್ ನಡೆಸುತ್ತಿದ್ದರು, ನಾನು ಅಲ್ಲೇ ಅಳತೆ ನೋಡುವ ಇನ್‌ಸ್ಪೆಕ್ಟರ್. ವಾರಕ್ಕೆ ಆರು ದಿನ ಫ್ಯಾಕ್ಟರಿಯಲ್ಲಿ, ಏಳನೆಯ ದಿನ ಸಭೆಯಲ್ಲಿ ಅವರ ಮುಖ ನೋಡುವ ಯೋಗ ನನ್ನದು. ಒಂದು ಸಲ ಕೇಳಿಯೇಬಿಟ್ಟೆ, "ಸಮುವೇಲಣ್ಣ, ಎಲ್ಲರ ಜೊತೆಗೇ ಅನ್ನಬಾರದಾ?"

"ಗುಂಪಿನ್ಯಾಗ ಒದರಿದ್ರ, ಒದರಿದಾಂವ ನಾನೋ ಮಂದಿಯೋ ಅಂತ ನನಗ ತಿಳೀಬೇಕಲ್ಲೋ ತಮ್ಮಾ" ಅಂದರು.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಅಂಗಿಯ ತೋಳಿಗೆ ಸದಾ ಮಷಿನ್ ತಂಪಾಗಿಸಲು ಸುರಿಯುವ ಕೂಲಂಟಿನ ವಾಸನೆ. ಭಾನುವಾರದ ಇಸ್ತ್ರಿ ಅಂಗಿಯಲ್ಲೂ ಅದು ಹೋಗುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಅಗಸಿ ಚಟ್ನಿ ಹಾಕಿಕೊಂಡು, ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿ, ಆಮೇಲೆ ಅರ್ಧ ರೊಟ್ಟಿ ಮುರಿದು ಪಕ್ಕದವರ ತಟ್ಟೆಗೆ ಹಾಕುವರು, ಬೇಕೇ ಅಂತ ಕೇಳದೆ. ತಿಕ್ಕಿ ಮುಗಿಸಿದ ಶಾಫ್ಟನ್ನು ಅಳತೆಯ ಉಂಗುರದೊಳಗೆ ತೂರಿಸುವಾಗ ಅದು ಬಿಗಿಯೂ ಆಗದೆ ಸಡಿಲವೂ ಆಗದೆ ನುಣ್ಣಗೆ ಇಳಿದರೆ, ಕಣ್ಣು ಮುಚ್ಚಿ ತಲೆಯನ್ನು ಒಂದಿಷ್ಟು ಓರೆ ಮಾಡುವರು. ಆಲಾಪ ಕೇಳಿದವರ ಹಾಗೆ. ಅವರು ತಮ್ಮ ಕೆಲಸವನ್ನು ಹೊಗಳಿಕೊಂಡದ್ದು ಅಷ್ಟೇ.

ನನ್ನ ವಿಷಯ ಹೇಳುವುದಾದರೆ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಅಂತ ಬಸ್‌ಸ್ಟಾಪಿನಿಂದ ವಾಪಸ್ ಮನೆಗೆ ಓಡುವ ಜಾತಿ ನಾನು. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಎಳೆದು ಎಳೆದು ಒಂದು ಬೀಗ ಕೆಟ್ಟೂ ಹೋಗಿದೆ. ಇಂಥವನು ತಪ್ಪು ಮಾಡುವುದೇ ಇಲ್ಲ ಅಂತ ಫ್ಯಾಕ್ಟರಿ ಓನರ್ ನಂಬಿದ್ದರು. ನಾನೂ ನಂಬಿದ್ದೆ.

ಬೆಳಗ್ಗೆ ದಪ್ಪ ಅಳೆಯುವ ಮೈಕ್ರೋಮೀಟರುಗಳ ಸೊನ್ನೆ ಸರಿಯಿದೆಯೇ ಅಂತ ನೋಡಿ ಆಪರೇಟರುಗಳ ಕೈಗೆ ಕೊಡುವುದು ನನ್ನ ಕೆಲಸ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ, ಆ ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದೆ. ಜೊತೆಗೆ ಆ ಭಾನುವಾರ ಸಭೆಯಲ್ಲಿ ಬೈಬಲಿನ ವೇದಪಾಠ ಓದುವ ಸರದಿ ನನ್ನದು. ಅದರಲ್ಲಿ ಬರುವ ಉದ್ದುದ್ದ ಹೆಸರುಗಳಲ್ಲಿ ನಾಲಗೆ ತೊದಲಿದರೆ ಏನು ಗತಿ ಅನ್ನುವ ಚಿಂತೆಯಲ್ಲಿ ಅವನ್ನೇ ಉರುಹೊಡೆಯುತ್ತ, ಸೊನ್ನೆ ನೋಡದೆಯೇ ಮೈಕ್ರೋಮೀಟರನ್ನು ಭೀಮಶಿಯ ಕೈಗೆ ಕೊಟ್ಟೆ. ಭೀಮಶಿ ಸಿಂದಗಿ ಕಡೆಯವನು, ಹೊಸದಾಗಿ ಮದುವೆಯಾಗಿ ರಾಜಗೋಪಾಲನಗರದಲ್ಲಿ ಒಂದು ರೂಮು ಮಾಡಿದ್ದ. ಆ ದಿನ ಅವನು ನಲವತ್ತು ಶಾಫ್ಟು ತಿಕ್ಕಿದ. ಆ ಗಾತ್ರದ ಶಾಫ್ಟಿಗೆ ತಕ್ಕ ಉಂಗುರ ನಮ್ಮಲ್ಲಿರಲಿಲ್ಲ. ಅವನು ಅಳೆದದ್ದೂ ಅದೇ ಮೈಕ್ರೋಮೀಟರಿನಲ್ಲಿ, ನಾನು ಅಳೆದು ಪಾಸು ಮಾಡಿದ್ದೂ ಅದರಲ್ಲೇ.

ಮೂರೇ ದಿನಕ್ಕೆ ಗಿರಾಕಿ ಕಂಪನಿಯಿಂದ ನಲವತ್ತೂ ವಾಪಸ್ ಬಂದವು. ದಪ್ಪ ಕಮ್ಮಿ, ಒಂದು ಕೂದಲೆಳೆಯಷ್ಟೂ ಇಲ್ಲದ ಅಂತರ; ಆದರೆ ಕಮ್ಮಿ ಕಮ್ಮಿಯೇ. ನಾನು ಮೆಲ್ಲಗೆ ಹೋಗಿ ಮೈಕ್ರೋಮೀಟರಿನ ಸೊನ್ನೆ ನೋಡಿದೆ. ಅಷ್ಟೇ ಅಂತರ ಜರುಗಿತ್ತು. ಆಚೀಚೆ ನೋಡಿ ಅದನ್ನು ಸರಿಮಾಡಿ, ಒರೆಸಿ, ಡಬ್ಬಿಯಲ್ಲಿಟ್ಟೆ. ಓನರ್ ಭೀಮಶಿಯನ್ನು ಕರೆದು ಸೋಮವಾರದಿಂದ ಬರಬೇಡ ಅಂದರು. ನಾನು ಅಲ್ಲೇ ಇದ್ದೆ. ಕೈಯಲ್ಲಿ ಏನೋ ಒಂದು ರಿಜಿಸ್ಟರ್ ಹಿಡಿದು ಬಹಳ ಗಮನದಿಂದ ಓದುತ್ತಿದ್ದೆ.

ಆ ಭಾನುವಾರ ವೇದಪಾಠದ ಹೆಸರುಗಳನ್ನೆಲ್ಲ ತೊದಲದೆ ಓದಿದೆ. 'ಕರ್ತನೇ, ಕರುಣಿಸು' ಅಂತ ಎಂದಿಗಿಂತ ಜೋರಾಗಿಯೇ ಅಂದೆ.

ಮಂಗಳವಾರ ಊಟದ ಹೊತ್ತಿಗೆ ಸಮುವೇಲಪ್ಪನವರು ಆ ಶಾಫ್ಟುಗಳ ಕ್ರೇಟಿನ ಪಕ್ಕ ಕೂತಿದ್ದರು. ನನ್ನನ್ನೂ ಕೂರಿಸಿಕೊಂಡರು. ನಲವತ್ತನ್ನೂ ತಾವೇ ಅಳೆದಿದ್ದರಂತೆ.

"ಕೈ ತಪ್ಪಿದ್ರ ಒಂದೊಂದು ಒಂದೊಂದು ನಮೂನಿ ತಪ್ಪತೈತಿ ತಮ್ಮಾ. ಇವು ನಲವತ್ತೂ ಒಂದ ಅಳತಿ ತಪ್ಯಾವ. ಹುಡುಗನ ಕೈ ಚೊಲೋ ಐತಿ. ತಪ್ಪಿದ್ದು ಅಳತಿಗೋಲು."

ಓನರಿಗೆ ಹೇಳುತ್ತೀರಾ ಅಂತ ಕೇಳಿದೆ. ಹೇಳುವುದು ತಮ್ಮ ಕೆಲಸವಲ್ಲ ಅಂದರು. ಆಗ ನನಗೆ ಬಾಯಿ ಬಂತು: ದೇವರ ಮುಂದೆ ಅತ್ತಿದ್ದೇನೆ, ಎರಡು ದಿನ ನಿದ್ದೆ ಇಲ್ಲ, ದೇವರು ಕರುಣಾಮಯಿ, ಕ್ಷಮಿಸಿಯೇ ಇರುತ್ತಾನೆ ಅಲ್ಲವೇ, ಇತ್ಯಾದಿ. ಅವರು ಪೂರ್ತಿ ಕೇಳಿದರು.

"ಕ್ಷಮಿಸಿರತಾನ. ಅದಕ್ಕ ಹೇಳಾಕತ್ತೀನಿ. ಕರುಣೆ ಸಿಗದಾಂವ ತಪ್ಪು ಮುಚ್ಚಿಡತಾನ, ಅವಗ ಬ್ಯಾರೆ ದಾರಿ ಇಲ್ಲ. ನಿನಗ ಸಿಕ್ಕೈತಲ್ಲ?"

ಆಮೇಲೆ ಒಂದು ಶಾಫ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟರು. ದಪ್ಪ ಹೆಚ್ಚಾಗಿದ್ದರೆ ತಾನೇ ಇನ್ನೊಂದು ಸಲ ತಿಕ್ಕಿ ಸರಿಮಾಡುತ್ತಿದ್ದೆ ಅಂದರು. ಕಮ್ಮಿಯಾದದ್ದನ್ನು ತುಂಬುವ ಮಷಿನ್ ಈ ಶೆಡ್ಡಿನಲ್ಲಿ ಇಲ್ಲ. ಹೊರಗೆ ಕ್ರೋಮ್ ಹಾಕುವವರ ಹತ್ತಿರ ಕಳಿಸಬೇಕು. ಅವರು ಮೇಲೊಂದು ಲೋಹದ ಪದರ ಕೂರಿಸಿ ಕೊಡುತ್ತಾರೆ. ಸಮುವೇಲಪ್ಪನವರು ಓನರನ್ನು ಅದಕ್ಕೆ ಒಪ್ಪಿಸಿದ್ದೂ ಆಗಿತ್ತು.

"ನಮ್ಮ ಕಮ್ಮಿ ನಾವ ತುಂಬಾಕ ಆಗಂಗಿಲ್ಲ. ಅದು ಹೊರಗಿಂದ ಬರಬೇಕು. ಆದ್ರ ಬಂದ ಮ್ಯಾಲ ಮತ್ತ ಕಲ್ಲಿಗೆ ಹಿಡಿದು ತಿಕ್ಕಬೇಕು ನೋಡು, ಅವಾಗ ಅದು ಶಾಫ್ಟು."

"ಕೆಲಸ ಹೋದ್ರೆ, ಸಮುವೇಲಣ್ಣ?"

"ಹೋಗಬಹುದು" ಅಂದು ಅರ್ಧ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದರು.

ಸಂಜೆಯೇ ಓನರಿಗೆ ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ. ನನ್ನನ್ನು ತೆಗೆಯಲಿಲ್ಲ, ಈ ಸಂಬಳಕ್ಕೆ ಇಷ್ಟು ಹೆದರುವವನು ಇನ್ನೊಬ್ಬ ಸಿಗುವುದಿಲ್ಲ ಅನ್ನಿಸಿರಬೇಕು. ಭೀಮಶಿಯನ್ನು ವಾಪಸ್ ಕರೆಯುವ ಕೆಲಸ ನನಗೇ ಹಚ್ಚಿದರು.

ರಾಜಗೋಪಾಲನಗರದ ಆ ಮೂರನೆಯ ಮಹಡಿಗೆ ಸಮುವೇಲಪ್ಪನವರೂ ಬಂದರು, ಆದರೆ ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟರು. ಮೊಣಕಾಲು ನೋವು ಅಂದರು. ಇಡೀ ದಿನ ನಿಂತು ಕೆಲಸ ಮಾಡುವ ಮನುಷ್ಯ. ನಾನೊಬ್ಬನೇ ಹತ್ತಿದೆ. ಟ್ರಾಫಿಕ್ಕು, ಮೆಟ್ರೋ, ವೇದಪಾಠ ಎಲ್ಲವನ್ನೂ ಸೇರಿಸಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಭೀಮಶಿ ಬಾಗಿಲು ತೆಗೆದಾಗ ಅದರಲ್ಲಿ ಉಳಿದದ್ದು "ತಪ್ಪು ನಂದು ಭೀಮಶಿ, ನಿಂದಲ್ಲ. ಗೊತ್ತಿದ್ದೂ ಸುಮ್ಮನಿದ್ದೆ" ಅನ್ನುವುದಷ್ಟೇ.

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ.

"ಸಾರ್, ನಾಕು ದಿನದಿಂದ ಇವನ್ನ ಬೈಯಾಕತ್ತಿದ್ದೆ" ಅಂದ. "ಇನ್ನ ಮಷಿನ್ ಮುಟ್ಟಬಾರದು, ಗಾರೆ ಕೆಲಸಕ್ಕ ಹೋಗೋಣು ಅಂತ ಮಾಡಿದ್ದೆ."

ನಾನು ಕಸಿದುಕೊಂಡದ್ದು ಬರೀ ಕೆಲಸವನ್ನಲ್ಲ ಅಂತ ಆಗ ಗೊತ್ತಾಯಿತು. ಅದನ್ನು ವಾಪಸ್ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವನ ಹೆಂಡತಿ ಒಳಗಿನಿಂದ ಎರಡು ಲೋಟ ತಂದಿಟ್ಟಳು. ಭೀಮಶಿ ಒಂದನ್ನು ನನ್ನ ಕಡೆ ಸರಿಸಿದ.

"ಚಾ ಆರತೈತಿ, ಕುಡೀರಿ" ಅಂದ.

ಮೇಲಿನಿಂದ ಇನ್ನೊಂದು ಲೋಟ ಮೆಟ್ಟಿಲ ಬುಡಕ್ಕೂ ಹೋಯಿತು. ಮರುದಿನದಿಂದ ಮೈಕ್ರೋಮೀಟರುಗಳ ಸೊನ್ನೆ ನೋಡುವವನು ಭೀಮಶಿ, ಕೆಳಗೆ ಸಹಿ ಹಾಕುವವನು ನಾನು. ನಾನು ಫ್ಯಾಕ್ಟರಿ ಬಿಡುವ ತನಕ ಹಾಗೇ ನಡೆಯಿತು. ಹೇಳಬಾರದು, ಆ ಒಂದು ವಿಷಯದಲ್ಲಿ ಮಾತ್ರ ನನಗೆ ಚಿಂತೆ ಇಲ್ಲದಂತಾಯಿತು.

ಕೆಲವು ವರ್ಷಗಳಾದ ಮೇಲೆ ಸಮುವೇಲಪ್ಪನವರಿಗೆ ಲಕ್ವ ಹೊಡೆಯಿತು. ಜಾಲಹಳ್ಳಿಯಲ್ಲಿದ್ದ ಮಗಳು ಮನೆಗೆ ಕರೆದುಕೊಂಡು ಹೋದಳು. ಬಲಗೈ ಏಳುತ್ತಿರಲಿಲ್ಲ, ಮಾತು ಪೂರ್ತಿ ನಿಂತಿತ್ತು. ಅವರು ತೀರಿಕೊಳ್ಳುವ ಎರಡು ವಾರ ಮುಂಚೆ ಅಯ್ಯನವರು ಪ್ರಾರ್ಥನೆಗೆ ಹೊರಟಾಗ ನಾನೂ ಹೋದೆ. ನಾವು ತಲುಪುವ ಹೊತ್ತಿಗೆ ಭೀಮಶಿ ಮೂಸಂಬಿಯ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ನಮ್ಮ ಪ್ರಾರ್ಥನೆ ಅವನಿಗೆ ಬಾರದು. ಚಪ್ಪಲಿ ಕಳಚಿ ಕೈ ಕಟ್ಟಿಕೊಂಡ.

ಅಯ್ಯನವರು ಪ್ರಾರ್ಥಿಸಿದರು. ಮಗಳು, ಅಳಿಯ, ನಾನು ಒಟ್ಟಿಗೆ 'ಕರ್ತನೇ, ಕರುಣಿಸು' ಅಂದೆವು. ಆಮೇಲೆ ಅಯ್ಯನವರು ಅಭ್ಯಾಸಬಲದಿಂದ ಕಾದರು. ಎಲ್ಲರೂ ಕಾದೆವು. ಸಮುವೇಲಪ್ಪನವರ ತುಟಿ ಅಲುಗಿತು, ಏನೂ ಹೊರಡಲಿಲ್ಲ. ಇನ್ನೂ ಒಮ್ಮೆ ಅಲುಗಿತು. ಕಣ್ಣು ನನ್ನ ಕಡೆ ಹೊರಳಿ ಅಲ್ಲೇ ನಿಂತಿತು.

ಎಲ್ಲರೂ ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಆಗಲೂ ಬಂತು. ಅದು ಬರುವುದೇ ಹಾಗೆ. ದನಿ ಒಡೆದು, ಎಲ್ಲರಿಗಿಂತ ತಡವಾಗಿ, ಒಬ್ಬನೇ ಅಂದೆ.

"ಕರ್ತನೇ, ಕರುಣಿಸು."

ಅವರು ಕಣ್ಣು ಮುಚ್ಚಿ, ದಿಂಬಿನ ಮೇಲೆ ತಲೆಯನ್ನು ಒಂದಿಷ್ಟು ಓರೆ ಮಾಡಿದರು.